ಭಂಗಿ, ಗಾಂಜಾ, ಇಂಡಿಕಾ: ಹೆಸರು ಮತ್ತು ಹುರುಳು

ಒಂದೇ ಗಿಡವನ್ನು ಕುರಿತಂತೆ ಮೂರು ಹೆಸರುಗಳು ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ: ಭಂಗಿ, ಗಾಂಜಾ, ಚರಸ್. ಇವು ಮೂರು ಬೇರೆ ಬೇರೆ ಗಿಡಗಳೆಂದು ತಿಳಿದವರುಂಟು. ಒಂದೇ ವಸ್ತುವಿಗೆ ಪ್ರಾಂತಭೇದದಿಂದ ಬಂದ ಪರ್ಯಾಯ ಪದಗಳೆಂದು ತಿಳಿದವರೂ ಉಂಟು. ಎರಡು ತಿಳಿವಳಿಕೆಯೂ ಸರಿಯಲ್ಲ. ಗಿಡದ ಎಲೆಯಿಂದ ಆದದ್ದು ಭಂಗಿ. ಹೆಣ್ಣುಗಿಡದ ಹೂಗೊಂಚಲು ಗಾಂಜಾ. ಆ ಹೂವಿನ ಮೇಲೂ ಅದರ ಸುತ್ತಣ ಎಲೆಗಳ ಮೇಲೂ ಒಸರುವ ಅಂಟನ್ನು ಬೇರ್ಪಡಿಸಿ ಉಂಡೆ ಕಟ್ಟಿದರೆ ಅದು ಚರಸ್. ಮತ್ತು ಹುಟ್ಟಿಸುವ ಸತ್ತ್ವವೆಲ್ಲ ಈ ಅಂಟಿನಲ್ಲಿದೆ. ಎಲೆಯಲ್ಲಿ ಅದು ಕಡಿಮೆ, ಹೂವಿನಲ್ಲಿ ಹೆಚ್ಚು, ಅಂಟೇ ಆದ ಚರಸ್ಸಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಈ ಮೂರು ಪದಗಳಲ್ಲಿ ಯಾವುದನ್ನು ಉಚ್ಚರಿಸಿದರೂ, ವಸ್ತು ಗಿಡದ ಯಾವ ಭಾಗದಿಂದ ಬಂದದ್ದು, ಅದರ ಬಲ ಎಷ್ಟು ಎಂಬ ಎರಡು ಸಂಗತಿಗಳು ಕೇಳಿದವನಿಗೆ ತಿಳಿಯುತ್ತಿದ್ದವು.

ಸಾಹಿತ್ಯದ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದಲ್ಲೇನು ಕೆಲಸ ಎಂದು ಕೇಳುಗರು ಹುಬ್ಬೇರಿಸಬಹುದು. ಕಾರಣವನ್ನು ಹೇಳಿಬಿಡುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1996ರಲ್ಲಿ ಈ ಗಿಡದ ಔಷಧೀಯ ಬಳಕೆಗೆ ಜನಮತದ ಮೂಲಕ ಒಪ್ಪಿಗೆ ಕೊಟ್ಟಿತು. ಕೊಲರಾಡೋದಲ್ಲಿ 2014ರಿಂದ ಅಂಗಡಿಗಳು ತೆರೆದವು. ಕೆನಡಾ ದೇಶವು 2018ರ ಅಕ್ಟೋಬರ್ 17ರಿಂದ ವಯಸ್ಕರಿಗೆ ಇದರ ಮಾರಾಟವನ್ನು ಶಾಸನಬದ್ಧಗೊಳಿಸಿತು. ಟೊರಾಂಟೊ, ವ್ಯಾಂಕೂವರ್, ಸ್ಯಾನ್ ಹೋಸೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಎಷ್ಟಿವೆ ಎಂಬುದು ನಮ್ಮ ಊರೂರಿನವರಿಗೂ ಗೊತ್ತು. ಮಕ್ಕಳನ್ನು ನೋಡಲು ಹೋಗಿ ಆರು ತಿಂಗಳು ಇದ್ದು ಬರುವ ಹಿರಿಯರು, ಓದಲು ಹೋದ ಹತ್ತೊಂಬತ್ತರ ಹುಡುಗರು, ಔಷಧದ ಅಂಗಡಿಯಷ್ಟೇ ನಿರ್ಮಲವಾಗಿ ಕಾಣುವ ಈ ಅಂಗಡಿಗಳ ಮುಂದೆ ನಿತ್ಯವೂ ನಡೆದುಹೋಗುತ್ತಾರೆ. ಒಳಗಿನ ಗಾಜಿನ ಕಪಾಟುಗಳ ಮೇಲೆ ಭಂಗಿ, ಗಾಂಜಾ, ಚರಸ್ ಎಂಬ ಮಾತುಗಳಿಲ್ಲ. ಅಲ್ಲಿರುವುದು ಬೇರೆ ಮೂರು ಪದಗಳು: ಇಂಡಿಕಾ, ಸಟೈವಾ, ಹೈಬ್ರಿಡ್. ಇಂಡಿಕಾ ಮೈಯನ್ನು ಸಡಿಲಿಸಿ ನಿದ್ರೆ ತರುತ್ತದೆ; ಸಟೈವಾ ಮನಸ್ಸಿಗೆ ಲವಲವಿಕೆ ಕೊಡುತ್ತದೆ; ಹೈಬ್ರಿಡ್ ಎರಡರ ಮಿಶ್ರಣ; ನಿಮಗೆ ಹೊಂದುವ ತಳಿಯನ್ನು ಆರಿಸಿಕೊಳ್ಳಿ ಎಂಬುದು ಅಲ್ಲಿಯ ಉಪದೇಶ. ಮೊಣಕಾಲ ನೋವಿನಿಂದ ರಾತ್ರಿ ಎಚ್ಚರವಾಗಿರುವ ಹಿರಿಯರೊಬ್ಬರು ಇದನ್ನು ನಂಬಿ 'ಇಂಡಿಕಾ' ಎಂಬ ಚೀಟಿ ನೋಡಿ ಮಿಠಾಯಿಯೊಂದನ್ನು ಬಾಯಿಗೆ ಹಾಕಿಕೊಂಡರೆ, ಆ ಚೀಟಿ ಅವರಿಗೆ ನಿಜವಾಗಿ ಏನನ್ನು ಹೇಳಿದಂತಾಯಿತು? ಇದು ಮೂಲತಃ ಪದವೊಂದರ ಅರ್ಥದ ಪ್ರಶ್ನೆ. ಆದ್ದರಿಂದ ನನ್ನಂಥವನೂ ಇದರಲ್ಲಿ ಕೈಹಾಕಬಹುದೆಂದು ತೋರಿತು.

ಮೊದಲು ಪದಗಳ ಹುಟ್ಟನ್ನು ನೋಡೋಣ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಸಸ್ಯಗಳಿಗೆಲ್ಲ ಜೋಡಿ ಹೆಸರು ಕೊಟ್ಟಾಗ ಯೂರೋಪಿನಲ್ಲಿ ನಾರಿಗಾಗಿ ಬೆಳೆಯುತ್ತಿದ್ದ ಈ ಗಿಡವನ್ನು 'ಕ್ಯಾನಬಿಸ್ ಸಟೈವಾ' ಎಂದು ಕರೆದನು. ಸಟೈವಾ ಎಂದರೆ ಲ್ಯಾಟಿನ್ನಿನಲ್ಲಿ 'ಬಿತ್ತಿ ಬೆಳೆದದ್ದು' ಎಂದಷ್ಟೇ ಅರ್ಥ. ನಾವು ಉಣ್ಣುವ ಭತ್ತದ ಶಾಸ್ತ್ರೀಯ ನಾಮದಲ್ಲೂ ಸಾರಿಗೆ ಹಾಕುವ ಕೊತ್ತಂಬರಿಯ ನಾಮದಲ್ಲೂ ಒಗ್ಗರಣೆಯ ಬೆಳ್ಳುಳ್ಳಿಯ ನಾಮದಲ್ಲೂ ಇದೇ ವಿಶೇಷಣವಿದೆ. ಅನ್ನ ಉಂಡವನಿಗೆ ಲವಲವಿಕೆಯ ಬದಲು ತೂಕಡಿಕೆ ಬರುವುದು ನಮಗೆ ಗೊತ್ತಿರುವ ವಿಷಯ. ಮೂವತ್ತೆರಡು ವರ್ಷಗಳ ಬಳಿಕ, 1785ರಲ್ಲಿ, ಫ್ರಾನ್ಸಿನ ಲಾಮಾರ್ಕ್ ಭಾರತದಿಂದ ಬಂದ ಗಿಡದ ಮಾದರಿಗಳನ್ನು ಪರೀಕ್ಷಿಸಿ, ಇದು ಯೂರೋಪಿನದಕ್ಕಿಂತ ಬೇರೆ ಎಂದು ನಿರ್ಣಯಿಸಿ, 'ಕ್ಯಾನಬಿಸ್ ಇಂಡಿಕಾ' ಎಂಬ ಹೊಸ ಹೆಸರು ಕೊಟ್ಟನು. ಕಾಂಡ ಗಟ್ಟಿ, ತೊಗಟೆ ತೆಳು, ನಾರಿಗೆ ಬಾರದು, ವಾಸನೆ ತೀಕ್ಷ್ಣ, ತಲೆಗೇರುವ ಗುಣ ಪ್ರಬಲ. ಎಲೆಯ ಎಸಳುಗಳು ಕಿರಿದು. ಇದು ಲಾಮಾರ್ಕನು ಕಂಡ ಇಂಡಿಕಾ. ಇಂಡಿಕಾ ಎಂದರೆ 'ಇಂಡಿಯಾದ್ದು' ಎಂದರ್ಥ. ಮಾವಿನ ಹೆಸರೂ ಇಂಡಿಕಾ, ಹುಣಸೆಯ ಹೆಸರೂ ಇಂಡಿಕಾ. ಹುಣಸೆಯಂತೂ ಆಫ್ರಿಕಾ ಮೂಲದ ಮರ. ಹೆಸರು ಮಾತ್ರ ನಮ್ಮ ದೇಶದ್ದು. ಶಾಸ್ತ್ರೀಯ ನಾಮವು ಹೆಸರಿಟ್ಟವನ ಕಾಲದ ತಿಳಿವಳಿಕೆಯನ್ನು ಹೇಳುತ್ತದೆಯೇ ಹೊರತು ವಸ್ತುವಿನ ಗುಣಕ್ಕೆ ಹೊಣೆಯಾಗುವುದಿಲ್ಲ.

ಈ ಕಥೆಯಲ್ಲಿ ಮುಂದೆ ಒಂದು ವಿಚಿತ್ರ ತಿರುವು ಬಂದಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ರಿಚರ್ಡ್ ಈವಾನ್ಸ್ ಶುಲ್ಟೆಸ್ 1970ರ ದಶಕದ ಆರಂಭದಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿ ಅಲ್ಲಿಯ ಗಿಡವನ್ನು ನೋಡಿದರು. ಅದು ಗಿಡ್ಡ, ಒತ್ತಾದ ಕೊಂಬೆಗಳದ್ದು, ಅಗಲ ಎಸಳಿನ ಎಲೆಗಳದ್ದು. ಇದನ್ನೇ ಅವರು 1974ರ ಲೇಖನದಲ್ಲಿ ಇಂಡಿಕಾ ಎಂದು ಗುರುತಿಸಿದರು. ಅಂದಿನಿಂದ ಬೆಳೆಗಾರರ ಬಾಯಲ್ಲಿ ಗಿಡ್ಡ ಗಿಡ, ಅಗಲ ಎಲೆ ಎಂದರೆ ಇಂಡಿಕಾ. ಎತ್ತರದ ಗಿಡ, ಕಿರಿದಾದ ಎಲೆ ಎಂದರೆ ಸಟೈವಾ ಎಂದಾಯಿತು. ಪರಿಣಾಮವೇನು? ಲಾಮಾರ್ಕನು ಯಾವ ಕಿರಿಯೆಸಳಿನ ಭಾರತೀಯ ಗಿಡಕ್ಕೆ ಇಂಡಿಕಾ ಎಂದು ಹೆಸರಿಟ್ಟಿದ್ದನೋ ಆ ಗಿಡವೇ ಇಂದಿನ ಅಂಗಡಿಯ ಭಾಷೆಯಲ್ಲಿ ಸಟೈವಾ ಆಗಿ ಕುಳಿತಿದೆ. ಇಂಡಿಯಾದ ಗಿಡ ಇಂಡಿಕಾ ಅಲ್ಲ. ಇಂಡಿಕಾ ಎನಿಸಿಕೊಂಡದ್ದು ಹಿಂದೂಕುಷ್ ಪರ್ವತಗಳ ತಪ್ಪಲಿನದು. ಕೇರಳದ ಇಡುಕ್ಕಿಯ ಗಾಂಜಾ ತಳಿಯನ್ನು ವಿದೇಶದ ವ್ಯಾಪಾರಿ ಸಟೈವಾ ಎಂದೇ ಕರೆಯುತ್ತಾನೆ. ಪದ ಮತ್ತು ವಸ್ತು ಹೀಗೆ ಪರಸ್ಪರ ಸ್ಥಾನಪಲ್ಲಟ ಮಾಡಿಕೊಂಡ ಉದಾಹರಣೆಗಳು ಭಾಷಾಚರಿತ್ರೆಯಲ್ಲಿಯೂ ಹೆಚ್ಚಿಲ್ಲ. ಈ ನಡುವೆ 1976ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳು ಇಡೀ ಗಿಡವನ್ನು ಒಂದೇ ಪ್ರಭೇದವೆಂದು ಪರಿಗಣಿಸಿ, ಅದರೊಳಗೆ ಎರಡು ಉಪಪ್ರಭೇದಗಳನ್ನು ಮಾಡಿದ್ದರು. ಸಸ್ಯಶಾಸ್ತ್ರದಲ್ಲಿ ಈ ಚರ್ಚೆ ಸಾಗಿಯೇ ಇದೆ. ಅಂಗಡಿಯ ಕಪಾಟಿಗೆ ಮಾತ್ರ ಅದರ ಸುದ್ದಿ ತಲುಪಿಲ್ಲ.

ಹೆಸರು ಹೇಗೇ ಬಂದಿರಲಿ, ರೂಢಿಯಾದ ಮೇಲೆ ಗುಣವನ್ನು ಸೂಚಿಸಿದರೆ ಸಾಕಲ್ಲವೆ ಎಂದು ಯಾರಾದರೂ ವಾದಿಸಬಹುದು. ನ್ಯಾಯವಾದ ಪ್ರಶ್ನೆ. ಯೋಗಾದ್ ರೂಢಿರ್ಬಲೀಯಸೀ ಎಂಬ ನ್ಯಾಯ ನಮ್ಮಲ್ಲಿಯೂ ಉಂಟು. ಇಲ್ಲಿ ರೂಢಿಗಾದರೂ ಬಲವಿದೆಯೆ ಎಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಕೆನಡಾದ ಸಂಶೋಧಕರು 2015ರಲ್ಲಿ 81 ಗಾಂಜಾ ಮಾದರಿಗಳನ್ನೂ 43 ನಾರುಗಿಡದ ಮಾದರಿಗಳನ್ನೂ ವಂಶವಾಹಿಗಳ ದೃಷ್ಟಿಯಿಂದ ಹೋಲಿಸಿದರು. ಶುದ್ಧ ಸಟೈವಾ ಎಂದು ಹೇಳಲಾದ ಜಮೈಕಾದ ತಳಿಯೊಂದು, ಶುದ್ಧ ಇಂಡಿಕಾ ಎಂದು ಹೇಳಲಾದ ಅಫ್ಘಾನಿಸ್ತಾನದ ತಳಿಯೊಂದಕ್ಕೆ ಬಹುತೇಕ ಒಡಹುಟ್ಟಿದಂತೆ ಹತ್ತಿರವಾಗಿತ್ತು. ಒಂದೇ ವ್ಯಾಪಾರನಾಮ ಹೊತ್ತ ಎರಡು ಮಾದರಿಗಳನ್ನು ಹೋಲಿಸಿದಾಗ, 17 ಹೋಲಿಕೆಗಳಲ್ಲಿ 6ರಲ್ಲಿ, ಮಾದರಿಗೆ ತನ್ನ ಹೆಸರಿನದೇ ಆದ ಜೊತೆಗಾರನಿಗಿಂತ ಬೇರೆ ಹೆಸರಿನ ಗಿಡ ಹೆಚ್ಚು ಸಮೀಪದ್ದಾಗಿತ್ತು. ಮತ್ತೆ 2021ರಲ್ಲಿ ಡಾಲ್‌ಹೌಸಿ ವಿಶ್ವವಿದ್ಯಾಲಯದವರು ನೆದರ್ಲೆಂಡ್ಸಿನಿಂದ ಪಡೆದ ಸುಮಾರು 300 ಮಾದರಿಗಳನ್ನು ಪರೀಕ್ಷಿಸಿದರು. ಇಂಡಿಕಾ, ಸಟೈವಾ ಎಂಬ ಚೀಟಿಗಳಿಗೂ ಗಿಡದ ವಂಶಾವಳಿಗೂ ಸಂಬಂಧ ಬಲು ದುರ್ಬಲವೆಂದು ಅಲ್ಲಿಯೂ ಕಂಡುಬಂದಿತು. ಚೀಟಿಗೆ ಒಂದಿಷ್ಟು ಹೊಂದಿಕೆ ಇದ್ದದ್ದು ಪರಿಮಳಕ್ಕೆ ಕಾರಣವಾದ ಕೆಲವು ದ್ರವ್ಯಗಳೊಂದಿಗೆ ಮಾತ್ರ. ಮಣ್ಣಿನ ವಾಸನೆ ಬಂದರೆ ಇಂಡಿಕಾ ಎಂದೂ, ಸಿಹಿಯಾದ ಸೊಪ್ಪಿನ ವಾಸನೆ ಬಂದರೆ ಸಟೈವಾ ಎಂದೂ ಬೆಳೆಗಾರರು ಮೂಗಿನಿಂದಲೇ ಹೆಸರಿಟ್ಟಿದ್ದಾರೆಂದು ಇದರಿಂದ ಊಹಿಸಬಹುದಾಗಿದೆ.

ಇದು ಹೀಗಾಗಲು ಕಾರಣ ಗಿಡದ ಸ್ವಭಾವದಲ್ಲಿಯೇ ಇದೆ. ಇದರಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಪರಾಗವು ಗಾಳಿಯಲ್ಲಿ ಬಹುದೂರ ಸಾಗುತ್ತದೆ. ಒಂದು ಹೊಲದ ಬೀಜದಲ್ಲಿ ಇನ್ನೊಂದು ಹೊಲದ ರಕ್ತ ಬೆರೆಯುವುದು ಸಹಜ. ಅದರ ಮೇಲೆ ಐವತ್ತು ವರ್ಷಗಳಿಂದ ಬೆಳೆಗಾರರು, ಅದೂ ಕಾನೂನಿನ ಕಣ್ಣು ತಪ್ಪಿಸಿ, ದಾಖಲೆಯಿಲ್ಲದೆ, ಅಫ್ಘಾನಿಸ್ತಾನದ್ದನ್ನೂ ಮೆಕ್ಸಿಕೋದ್ದನ್ನೂ ಭಾರತದ್ದನ್ನೂ ಒಂದರೊಡನೊಂದು ಕೂಡಿಸುತ್ತ ಬಂದಿದ್ದಾರೆ. ಇಂದು ಅಂಗಡಿಯಲ್ಲಿರುವುದು ಬಹುಮಟ್ಟಿಗೆ ಸಂಕರವೇ. ನಮ್ಮ ಭತ್ತದ ತಳಿಗಳಿಗೆ ಕೃಷಿ ವಿಶ್ವವಿದ್ಯಾಲಯದ ದಾಖಲೆಯಿದೆ, ಬೀಜಕ್ಕೆ ಪ್ರಮಾಣಪತ್ರವಿದೆ. ಈ ತಳಿಗಳ ಹೆಸರುಗಳಿಗೆ ಹಿಂದೆ ಅಂಥ ಸಾಕ್ಷಿ ಯಾವುದೂ ಇರಲಿಲ್ಲ.

ಹಾಗಾದರೆ ಗಿಡದಿಂದ ಗಿಡಕ್ಕೆ ಭೇದವೇ ಇಲ್ಲವೆ? ಖಂಡಿತವಾಗಿ ಇದೆ. ಅದು ಇರುವುದು ಎಲೆಯ ಆಕಾರದಲ್ಲಿ ಅಲ್ಲ, ಅಂಟಿನೊಳಗಿನ ರಸಾಯನದಲ್ಲಿ. ಇಸ್ರೇಲಿನ ರಫೇಲ್ ಮೆಶೂಲಂ ಅವರು ತಮ್ಮ ಸಹೋದ್ಯೋಗಿಗಳೊಡನೆ 1963ರಲ್ಲಿ ಸಿಬಿಡಿ ಎಂಬ ದ್ರವ್ಯದ ರಚನೆಯನ್ನು ಬಿಡಿಸಿದರು. 1964ರಲ್ಲಿ ಗಾವೋನಿಯವರ ಜೊತೆಗೂಡಿ ಟಿಎಚ್‌ಸಿ ಎಂಬ ದ್ರವ್ಯವನ್ನು ಪ್ರತ್ಯೇಕಿಸಿದರು. ಮತ್ತಿಗೆ ಕಾರಣವಾದದ್ದು ಈ ಟಿಎಚ್‌ಸಿ. ಸಿಬಿಡಿಯು ಮತ್ತು ತರುವುದಿಲ್ಲ. ಇವು ಎಂದೂ ಅಂಟಿನಲ್ಲಿ ಸಮಪ್ರಮಾಣದಲ್ಲಿ ಇರಬೇಕೆಂಬ ನಿಯಮವಿಲ್ಲ. ಕೆಲವು ಗಿಡಗಳಲ್ಲಿ ಟಿಎಚ್‌ಸಿ ಪ್ರಧಾನ, ಕೆಲವುಗಳಲ್ಲಿ ಎರಡೂ ಸರಿಸುಮಾರಾಗಿ ಇರುತ್ತವೆ, ಕೆಲವುಗಳಲ್ಲಿ ಸಿಬಿಡಿ ಪ್ರಧಾನ. ವಿಜ್ಞಾನಿಗಳು 1973ರಿಂದಲೂ ಗಿಡವನ್ನು ಈ ಮೂರು ವರ್ಗಗಳಾಗಿಯೇ ಗುರುತಿಸುತ್ತ ಬಂದಿದ್ದಾರೆ. ತಳಿ ಎಂಬ ಮಾತಿಗೆ ಗ್ರಾಹಕನ ಪಾಲಿಗೆ ಉಪಯುಕ್ತವಾದ ಅರ್ಥವೊಂದಿದ್ದರೆ ಅದು ಇದೇ.

ಇಲ್ಲಿ ನಮ್ಮ ಕಿವಿಗೆ ಹಿತವಾದ ಸಂಗತಿಯೊಂದನ್ನು ಹೇಳಬೇಕು. ಟಿಎಚ್‌ಸಿಯು ಮಿದುಳಿನಲ್ಲಿ ಯಾವ ಬಾಗಿಲನ್ನು ತಟ್ಟುತ್ತದೆ ಎಂಬುದು 1988ರಲ್ಲಿ ತಿಳಿಯಿತು. ಗಿಡದ ದ್ರವ್ಯಕ್ಕಾಗಿ ಮನುಷ್ಯನ ಮಿದುಳು ಬಾಗಿಲನ್ನೇಕೆ ಇಟ್ಟುಕೊಂಡೀತು? ದೇಹದಲ್ಲಿಯೇ ಹುಟ್ಟುವ ಮತ್ತಾವುದೋ ದ್ರವ್ಯಕ್ಕಾಗಿ ಅದು ಇರಬೇಕೆಂದು ಹುಡುಕಿದಾಗ 1992ರಲ್ಲಿ ಜೆರುಸಲೇಮಿನಲ್ಲಿ ಅದು ಸಿಕ್ಕಿತು. ಕಂಡುಹಿಡಿದವರು ಅದಕ್ಕೆ 'ಆನಂದಮೈಡ್' ಎಂದು ಹೆಸರಿಟ್ಟರು. ಸಂಸ್ಕೃತದ ಆನಂದವೇ ಆ ಹೆಸರಿನ ಮೊದಲ ಭಾಗ. ಹಸಿವು, ನಿದ್ರೆ, ನೋವು, ನೆನಪು, ಭಯ ಇವನ್ನೆಲ್ಲ ಹದದಲ್ಲಿರಿಸುವ ಏರ್ಪಾಡಿನಲ್ಲಿ ಇದರ ಪಾತ್ರವಿದೆ. ಹೊರಗಿನಿಂದ ಬಂದ ಟಿಎಚ್‌ಸಿ ಅದೇ ಬಾಗಿಲನ್ನು ಬಹು ಜೋರಾಗಿ, ಬಹುಕಾಲ ತಟ್ಟುತ್ತದೆ. ಆದ್ದರಿಂದಲೇ ಒಬ್ಬನಿಗೆ ನಗು, ಇನ್ನೊಬ್ಬನಿಗೆ ಹಸಿವು, ಮತ್ತೊಬ್ಬನಿಗೆ ಎದೆಬಡಿತ ಮತ್ತು ದಿಗಿಲು.

ಪರಿಮಳದ ವಿಷಯವನ್ನೂ ಇಲ್ಲಿಯೇ ಮುಗಿಸೋಣ. ಗಿಡದ ವಾಸನೆಗೆ ಕಾರಣವಾದ ಟರ್ಪೀನುಗಳೆಂಬ ದ್ರವ್ಯಗಳು ನಮ್ಮ ಅಡುಗೆಮನೆಗೆ ಹೊಸಬರಲ್ಲ. ಮಾವಿನ ಹಣ್ಣಿನಲ್ಲಿರುವ ಮಿರ್ಸೀನ್, ನಿಂಬೆಯ ಸಿಪ್ಪೆಯ ಲಿಮೊನೀನ್, ಕೊತ್ತಂಬರಿ ಬೀಜದ ಲಿನಲೂಲ್, ಮಲೆನಾಡಿನ ಕರಿಮೆಣಸಿನ ಕ್ಯಾರಿಯೋಫಿಲೀನ್, ಇವೆಲ್ಲ ಅದರಲ್ಲಿಯೂ ಇವೆ. ಇವೇ ಒಂದೊಂದು ತಳಿಗೆ ಒಂದೊಂದು ಗುಣ ಕೊಡುತ್ತವೆಂದು ವ್ಯಾಪಾರಿಗಳು ಹೇಳುತ್ತಾರೆ. ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಮಾತ್ರ ಇನ್ನೂ ಕೆಲವೇ. ಅಮೆರಿಕದಲ್ಲಿ 2024ರಲ್ಲಿ ಪ್ರಕಟವಾದ, 20 ಜನರ ಮೇಲಿನ ಒಂದು ಪ್ರಯೋಗದಲ್ಲಿ ಲಿಮೊನೀನ್ ಟಿಎಚ್‌ಸಿಯ ದಿಗಿಲನ್ನು ತಗ್ಗಿಸಿದ್ದು ಕಂಡಿದೆ. ಸಿಬಿಡಿ ಜೊತೆಗಿದ್ದರೆ ಟಿಎಚ್‌ಸಿಯ ಕೇಡು ಅಡಗುತ್ತದೆಂಬ ಮಾತೂ ಪ್ರಚಾರದಲ್ಲಿದೆ. ಲಂಡನ್ನಿನಲ್ಲಿ 46 ಸ್ವಯಂಸೇವಕರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಥ ರಕ್ಷಣೆ ಕಂಡುಬರಲಿಲ್ಲ. ಸಿಬಿಡಿ ಪ್ರಧಾನವಾದುದರಲ್ಲಿ ಮತ್ತು ಕಡಿಮೆ ಎಂಬುದು ಅದರಲ್ಲಿ ಟಿಎಚ್‌ಸಿ ಕಡಿಮೆ ಇರುವುದರಿಂದ ಎಂದು ತಿಳಿಯುವುದೇ ಕ್ಷೇಮ.

ಇಷ್ಟು ತಿಳಿದ ಮೇಲೆ ಹಳೆಯ ಮೂರು ಪದಗಳ ಬಳಿಗೆ ಮರಳಿದರೆ ಅವುಗಳ ವಿವೇಕ ಗೋಚರವಾಗುತ್ತದೆ. ಈ ಗಿಡ ನಮ್ಮ ಭಾಷೆಗಳಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಎಳ್ಳು, ಉದ್ದು, ಅಗಸೆಗಳ ಜೊತೆಗೆ ಭಂಗಾ ಬೆಳೆಯುವ ಹೊಲವನ್ನು ಏನೆನ್ನಬೇಕೆಂಬುದಕ್ಕೆ ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸೂತ್ರವಿದೆ. ಭಾಂಗ್ಯ, ಭಾಂಗೀನ ಎಂಬ ರೂಪಗಳು ಅದರಿಂದ ಸಿದ್ಧಿಸುತ್ತವೆ. ಭಾವಪ್ರಕಾಶದ ನಿಘಂಟು ಭಾಗವು ವಿಜಯಾ, ಮಾದಿನೀ, ಮಾತುಲಾನೀ ಮೊದಲಾದ ಹೆಸರುಗಳನ್ನು ಕೊಟ್ಟು, ಜಠರಾಗ್ನಿಯನ್ನೂ ಮಾತನ್ನೂ ಹೆಚ್ಚಿಸುವುದೆಂದು ಗುಣ ಹೇಳುವ ಉಸಿರಿನಲ್ಲಿಯೇ ಮೋಹವನ್ನೂ ಮದವನ್ನೂ ಹೆಚ್ಚಿಸುವುದೆಂದು ಎಚ್ಚರಿಸುತ್ತದೆ.

ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ 1893ರಲ್ಲಿ ಎದ್ದ ಪ್ರಶ್ನೆಯೊಂದರ ಫಲವಾಗಿ ನೇಮಕವಾದ ಭಾರತೀಯ ಭಂಗಿ ಮಾದಕಗಳ ಆಯೋಗವು ದೇಶವನ್ನೆಲ್ಲ ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ಏಳು ಸಂಪುಟಗಳ ವರದಿ ಕೊಟ್ಟಿತು. ಅದರಲ್ಲಿ ವಿಷಯವಿಭಾಗ ನಡೆದದ್ದು ಭಂಗಿ, ಗಾಂಜಾ, ಚರಸ್ ಎಂಬ ದೇಶೀಯ ಪದಗಳ ಮೇಲೆಯೇ. ಬಂಗಾಳದ ನೌಗಾಂವ್ ಸುತ್ತಿನ ಹೊಲಗಳಲ್ಲಿ ಗಂಡುಗಿಡಗಳನ್ನು ಗುರುತಿಸಿ ಕಿತ್ತುಹಾಕುವ ನುರಿತ ಜನರಿದ್ದರು. ಅವರಿಗೆ ಪೋದ್ದಾರರೆಂದು ಹೆಸರು. ಪರಾಗ ಮುಟ್ಟದೆ ಬೀಜ ಕಟ್ಟದ ಹೆಣ್ಣುಹೂವಿನಲ್ಲಿ ಅಂಟು ಹೆಚ್ಚಾಗುತ್ತದೆಂಬುದು ಅವರಿಗೆ ಗೊತ್ತಿತ್ತು. ತುಳಿದು ಚಪ್ಪಟೆ ಮಾಡಿದ್ದು, ಉರುಳಿಸಿ ದುಂಡಗೆ ಮಾಡಿದ್ದು, ಪುಡಿಯಾದದ್ದು ಎಂದು ಗಾಂಜಾದಲ್ಲಿ ಮತ್ತೆ ಬೇರೆ ಬೇರೆ ಹೆಸರುಗಳು, ಬೇರೆ ಬೇರೆ ಬೆಲೆ. ಯಾವ ಭಾಗ, ಹೇಗೆ ತಯಾರಾದದ್ದು, ಎಷ್ಟು ಅಂಟು ಉಳಿದದ್ದು, ಇದೇ ಆ ಹೆಸರುಗಳ ಸಾರ. ಮಿತವಾದ ಬಳಕೆಯಿಂದ ಹೇಳತಕ್ಕ ಹಾನಿಯಿಲ್ಲ, ಅತಿಯಾದದ್ದು ಹಾನಿಕರ ಎಂಬುದು ಆಯೋಗದ ತೀರ್ಮಾನವಾಗಿತ್ತು. ಈ ಮಾತನ್ನು ಗಿಡದ ಪಕ್ಷಪಾತಿಗಳು ಇಂದಿಗೂ ಉದ್ಧರಿಸುತ್ತಾರೆ. ಉದ್ಧರಿಸುವಾಗ, ಅಂದು ಬಳಕೆಯಲ್ಲಿದ್ದ ವಸ್ತುವಿಗೂ ಇಂದಿನದಕ್ಕೂ ಇರುವ ಅಂತರವನ್ನು ಮರೆಯುತ್ತಾರೆ. ಅಮೆರಿಕದಲ್ಲಿ ಪೊಲೀಸರು ವಶಪಡಿಸಿಕೊಂಡ ಗಾಂಜಾದಲ್ಲಿ ಟಿಎಚ್‌ಸಿಯ ಸರಾಸರಿ ಪ್ರಮಾಣ 1995ರಲ್ಲಿ ಸುಮಾರು ಶೇಕಡ 4; 2014ರ ಹೊತ್ತಿಗೆ ಸುಮಾರು ಶೇಕಡ 12. ಇಂದಿನ ಅಂಗಡಿಗಳಲ್ಲಿ ಶೇಕಡ 20ನ್ನು ಮೀರಿದ ಚೀಟಿಗಳು ಸಾಮಾನ್ಯವಾಗಿವೆ. ಹಾಲು, ಸಕ್ಕರೆ, ಬಾದಾಮಿಗಳೊಡನೆ ಅರೆದು ಹೋಳಿಯ ದಿನ ಕುಡಿಯುತ್ತಿದ್ದ ಎಲೆಗೂ ಇದಕ್ಕೂ ಗಿಡವೊಂದೇ ಎಂಬುದನ್ನು ಬಿಟ್ಟರೆ ಸಾಮ್ಯ ಕಡಿಮೆ.

ಈಗ, ಶಾಸನದ ಅನುಮತಿಯಿರುವ ದೇಶದಲ್ಲಿರುವ ಒಬ್ಬ ವಯಸ್ಕನು ತನಗೆ ಹೊಂದುವುದು ಯಾವುದು ಎಂದು ಕೇಳಿದರೆ ನಾವು ಏನು ಹೇಳಬಹುದು? ಇಂಡಿಕಾ, ಸಟೈವಾ ಎಂಬ ಪದಗಳನ್ನು ಬದಿಗಿಟ್ಟು ಮೂರು ಸಂಗತಿಗಳನ್ನು ವಿಚಾರಿಸಬೇಕೆಂದು ಹೇಳಬಹುದು.

ಮೊದಲನೆಯದು ಪ್ರಮಾಣ. ಕೆನಡಾದಲ್ಲಿ ಪೊಟ್ಟಣದ ಮೇಲೆ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಎಂದು ಮುದ್ರಿಸಲೇಬೇಕು. ತಿನ್ನುವ ಪದಾರ್ಥದ ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರಕೂಡದು. ಹೊಸಬರು 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯನ್ನು ಮೀರಬಾರದೆಂದು ಅಲ್ಲಿಯ ಆರೋಗ್ಯ ಇಲಾಖೆ ಹೇಳುತ್ತದೆ. ಕಣ್ಣು ಹೋಗಬೇಕಾದದ್ದು ಈ ಅಂಕಿಯ ಕಡೆಗೆ. ಅಂಕಿಯೂ ಎಲ್ಲೆಡೆ ಸತ್ಯವೆಂದೇನಲ್ಲ. ಕೊಲರಾಡೋದ ಅಂಗಡಿಗಳಿಂದ ತಂದ 23 ಮಾದರಿಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹುಪಾಲು ಮಾದರಿಗಳ ಬಲ ಚೀಟಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆಯಾಗಿತ್ತು. ಹೆಚ್ಚು ಬಲವೆಂದರೆ ಹೆಚ್ಚು ಬೆಲೆಯಲ್ಲವೆ?

ಎರಡನೆಯದು ಸೇವಿಸುವ ಬಗೆ. ಹೊಗೆಯಾಗಿ ಎಳೆದದ್ದು ಕೆಲವೇ ನಿಮಿಷಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಪರಿಣಾಮ ಆರು ಗಂಟೆಗಳವರೆಗೆ ಇರಬಹುದು. ಜೊತೆಗೆ ಹೊಗೆ ಯಾವುದೇ ಆದರೂ ಶ್ವಾಸಕೋಶಕ್ಕೆ ಹಿತವಲ್ಲ. ತಿಂದದ್ದು ಅರ್ಧ ಗಂಟೆಯಿಂದ ಎರಡು ಗಂಟೆಗಳವರೆಗೆ ಸುಮ್ಮನಿದ್ದು, ಆಮೇಲೆ ಏರಿ, ಹನ್ನೆರಡು ಗಂಟೆಗಳವರೆಗೂ ಕಾಡಬಹುದು. ಯಕೃತ್ತಿನಲ್ಲಿ ಟಿಎಚ್‌ಸಿಯು ಇನ್ನೂ ಪ್ರಬಲವಾದ ರೂಪ ತಾಳುವುದೂ ಉಂಟು. ಹೆಚ್ಚಿನ ಅನಾಹುತಗಳು ಇಲ್ಲಿಯೇ ಆಗುತ್ತವೆ. ಒಂದು ಮಿಠಾಯಿ ತಿಂದು ಮುಕ್ಕಾಲು ಗಂಟೆ ಕಾದು, ಏನೂ ಆಗಲಿಲ್ಲವೆಂದು ಇನ್ನೊಂದು ತಿಂದವರು ಎರಡರ ಭಾರವನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ತಳಿಯ ಹೆಸರು ಯಾವುದೇ ಇರಲಿ, ಈ ಲೆಕ್ಕ ಬದಲಾಗದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸೇವಿಸುವವನು ಯಾರು ಎಂಬುದು. ಹೊಂದುವುದು ಎಂಬ ಮಾತಿಗೆ ಎರಡು ಪಕ್ಷಗಳು ಬೇಕು. ಅಂಗಡಿಯವನು ವಸ್ತುವನ್ನು ವರ್ಣಿಸುತ್ತಾನೆ. ಎದುರಿಗೆ ನಿಂತವನ ವಯಸ್ಸು, ಮನೆತನ, ಕಾಯಿಲೆ, ನುಂಗುವ ಮಾತ್ರೆ ಇವು ಅವನಿಗೆ ತಿಳಿಯವು. ಇಪ್ಪತ್ತೈದರ ಒಳಗೆ ಮಿದುಳು ಇನ್ನೂ ಮಾಗುತ್ತಿರುತ್ತದೆ. ಯೂರೋಪಿನ ಹತ್ತು ಊರುಗಳನ್ನೂ ಬ್ರೆಜಿಲ್ಲಿನ ಒಂದು ಊರನ್ನೂ ಒಳಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶೇಕಡ 10ಕ್ಕೆ ಕಡಿಮೆಯಿಲ್ಲದ ಟಿಎಚ್‌ಸಿ ಇರುವ ಗಾಂಜಾವನ್ನು ದಿನವೂ ಸೇವಿಸುವವರಲ್ಲಿ, ಎಂದೂ ಸೇವಿಸದವರಿಗೆ ಹೋಲಿಸಿದರೆ, ಚಿತ್ತವಿಕಾರದ ಸಂಭವ ಸುಮಾರು ಐದು ಪಟ್ಟು. ಮನೆತನದಲ್ಲಿ ಅಂಥ ವಿಕಾರ ಬಂದವರಿದ್ದರೆ, ಆ ಮನೆಯ ಹುಡುಗನಿಗೆ ಹೊಂದುವ ತಳಿ ಯಾವುದೂ ಇಲ್ಲ. ನಮ್ಮ ಕುಟುಂಬಗಳಲ್ಲಿ ಮಾನಸಿಕ ರೋಗವನ್ನು ಮುಚ್ಚಿಡುವ ಅಭ್ಯಾಸ ಬಲವಾಗಿದೆ. ಚಿಕ್ಕಪ್ಪನಿಗೋ ಸೋದರತ್ತೆಗೋ ಏನಾಗಿತ್ತೆಂಬುದನ್ನು ಪರದೇಶಕ್ಕೆ ಓದಲು ಹೊರಟ ಮಗನಿಗೆ ಯಾರೂ ಹೇಳಿರುವುದಿಲ್ಲ. ಹೇಳುವುದು ಅವಮಾನವಲ್ಲ, ಹೇಳದಿರುವುದು ಅಪಾಯ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಇದು ಸಲ್ಲದು. ಟಿಎಚ್‌ಸಿ ಎದೆಬಡಿತವನ್ನು ಏರಿಸುತ್ತದೆ. ಆದ್ದರಿಂದ ಹೃದ್ರೋಗಿಗಳಿಗೂ ಸಲ್ಲದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಮತ್ತಿಲ್ಲದ ಸಿಬಿಡಿ ಕೂಡ ಆ ಔಷಧದ ಬಲವನ್ನು ಏರುಪೇರು ಮಾಡಬಲ್ಲದು. ಹಿರಿಯರಲ್ಲಿ ತಲೆಸುತ್ತಿ ಬೀಳುವ ಭಯ ಬೇರೆ. ಮೊಣಕಾಲ ನೋವಿನ ಆ ಹಿರಿಯರು ಮೊದಲು ಕೇಳಬೇಕಾದದ್ದು ಅಂಗಡಿಯವನನ್ನಲ್ಲ, ತಮ್ಮ ಮಾತ್ರೆಗಳ ಪಟ್ಟಿ ಹಿಡಿದು ವೈದ್ಯನನ್ನು.

ವೈದ್ಯದಲ್ಲಿ ಈ ಗಿಡಕ್ಕೆ ಸ್ಥಾನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮಕ್ಕಳಲ್ಲಿ ಬರುವ ಕೆಲವು ಕಠಿಣ ಜಾತಿಯ ಅಪಸ್ಮಾರಗಳಿಗೆ ಶುದ್ಧ ಸಿಬಿಡಿಯ ಔಷಧವೊಂದನ್ನು ಅಮೆರಿಕವು 2018ರಲ್ಲಿ ಅಂಗೀಕರಿಸಿತು. ಆ ಸೀಸೆಯ ಮೇಲೆ ತಳಿಯ ಹೆಸರಿಲ್ಲ. ದ್ರವ್ಯದ ಹೆಸರಿದೆ, ಮಿಲಿಗ್ರಾಂಗಳ ಲೆಕ್ಕವಿದೆ. ಔಷಧವಾದೊಡನೆ ಇಂಡಿಕಾ ಸಟೈವಾಗಳು ತಾವಾಗಿಯೇ ಮರೆಯಾದದ್ದನ್ನು ಗಮನಿಸಬೇಕು.

ಕೊನೆಯದಾಗಿ ಕಾನೂನಿನ ಮಾತು. ನಮ್ಮ ದೇಶದಲ್ಲಿ 1985ರ ಮಾದಕ ದ್ರವ್ಯಗಳ ಅಧಿನಿಯಮ ಜಾರಿಯಲ್ಲಿದೆ. ಅದರಲ್ಲಿ ಗಾಂಜಾ ಎಂದರೆ ಹೂವಿನ ಅಥವಾ ಕಾಯಿಯ ತುದಿಗಳು. ತುದಿಗಳ ಜೊತೆಗಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಗೆ ಸೇರುವುದಿಲ್ಲ. ಚರಸ್ ಎಂದರೆ ಬೇರ್ಪಡಿಸಿದ ಅಂಟು. ನೋಡಿ, ಶಾಸನಕಾರರೂ ಅವಲಂಬಿಸಿದ್ದು ನಮ್ಮ ಹಳೆಯ ವಿಭಾಗವನ್ನೇ. ಅಲ್ಪ ಪ್ರಮಾಣವೆಂದು ಗಾಂಜಾಕ್ಕೆ 1 ಕಿಲೋ, ಚರಸ್ಸಿಗೆ 100 ಗ್ರಾಂ ಎಂದು ಮಿತಿ ಬೇರೆಬೇರೆಯಾಗಿರುವುದೂ ಬಲದ ಭೇದವನ್ನು ಒಪ್ಪಿಯೇ. ಅಲ್ಪ ಪ್ರಮಾಣವೆಂದ ಮಾತ್ರಕ್ಕೆ ಅದು ಅಪರಾಧವಲ್ಲವೆಂದು ತಿಳಿಯಬಾರದು; ಅದಕ್ಕೂ ಒಂದು ವರ್ಷದವರೆಗೆ ಸಜೆಯಿದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ 2022ರಲ್ಲಿ ಜಾಮೀನು ಅರ್ಜಿಯೊಂದು ಬಂದಿತ್ತು. ವಶವಾದದ್ದರಲ್ಲಿ ಬಹುಭಾಗ, 29 ಕಿಲೋ, ಭಂಗ್. ಅದು ಗಾಂಜಾದಿಂದಲೋ ಚರಸ್ಸಿನಿಂದಲೋ ತಯಾರಾದದ್ದೆಂದು ತೋರಿಸುವ ಆಧಾರವಿಲ್ಲ, ಎಲೆ ಶಾಸನದ ಗಾಂಜಾದಲ್ಲಿ ಸೇರದು ಎಂದು ಹೇಳಿ ನ್ಯಾಯಾಲಯವು ಜಾಮೀನು ಕೊಟ್ಟಿತು. ಒಬ್ಬ ಮನುಷ್ಯನ ಬಿಡುಗಡೆ ಹೀಗೆ ಎರಡು ದೇಶೀಯ ಪದಗಳ ಅರ್ಥಭೇದದ ಮೇಲೆ ನಿಂತಿತು. ಭಂಗಿಗೆ ಎಲ್ಲೆಡೆ ಅನುಮತಿಯಿದೆಯೆಂದು ಇದರ ಅರ್ಥವಲ್ಲ. ಅದು ಆಯಾ ರಾಜ್ಯದ ನಿಯಮಗಳಿಗೆ ಬಿಟ್ಟದ್ದು.

ಹೊರದೇಶದಲ್ಲಿರುವವರಿಗೂ ಒಂದು ಮಾತು. ಅಮೆರಿಕದ ಕೆಲವು ರಾಜ್ಯಗಳು ಅನುಮತಿಸಿದರೂ ಅಲ್ಲಿಯ ಕೇಂದ್ರ ಶಾಸನ ಅನುಮತಿಸಿಲ್ಲ. ಪೌರರಲ್ಲದವರು, ಅಂದರೆ ವೀಸಾದ ಮೇಲೆ ಇರುವ ನಮ್ಮ ಹುಡುಗರು, ಅಂಗಡಿಯಲ್ಲಿ ರಾಜಾರೋಷವಾಗಿ ಕೊಂಡದ್ದೇ ಮುಂದೆ ಅವರ ವಾಸದ ಹಕ್ಕಿಗೆ ಕಂಟಕವಾಗಬಹುದು. ಕೆನಡಾದ ಪೊಟ್ಟಣವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಗಡಿ ದಾಟಿದರೆ ಎರಡೂ ಕಡೆ ಅಪರಾಧ. ತಾಯ್ನಾಡಿಗೆ ತರುವುದಂತೂ ಸೆರೆಮನೆಯ ದಾರಿ.

ಹೊಂದುವ ತಳಿಯನ್ನು ಆರಿಸಿಕೊಳ್ಳಿ ಎಂಬ ಉಪದೇಶಕ್ಕೆ ಪ್ರತಿಯಾಗಿ, ಇಷ್ಟನ್ನು ನಮ್ಮ ಮಕ್ಕಳಿಗೆ ಹೇಳಿಕೊಟ್ಟರೆ ಸಾಕೆಂದು ನನಗೆ ತೋರುತ್ತದೆ. ಅಂಗಡಿಯವನು ಇಂಡಿಕಾ ಎಂದಾಗ, ಅದರಲ್ಲಿ ಟಿಎಚ್‌ಸಿ ಎಷ್ಟು ಮಿಲಿಗ್ರಾಂ ಎಂದು ಕೇಳಬೇಕು. ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಕೇಳಬೇಕು. ಆಮೇಲೆ ತನ್ನ ವಯಸ್ಸನ್ನೂ ಮನೆಯವರ ಆರೋಗ್ಯದ ಚರಿತ್ರೆಯನ್ನೂ ವೀಸಾದ ಷರತ್ತನ್ನೂ ತಾನೇ ನೆನೆದುಕೊಳ್ಳಬೇಕು. ಈ ಲೆಕ್ಕವನ್ನು ಪೂರ್ತಿಯಾಗಿ ಮಾಡಿದವರಲ್ಲಿ ಬಹಳ ಮಂದಿ ಬರಿಗೈಯಲ್ಲಿಯೇ ಹೊರಗೆ ಬಂದಾರು. ಬಂದರೆ ಅವರು ತಮಗೆ ಹೊಂದುವುದನ್ನೇ ಆರಿಸಿಕೊಂಡರೆಂದು ತಿಳಿಯಬೇಕು.